ತೊಂಬತ್ತಾರರ ಪಕ್ಕದ ಖಾಲಿ ಜಾಗ

ತವರೂರು ಮಲ್ಲವಿಯ ಚರ್ಚಿನಲ್ಲಿ ಬೆಳಗಿನ ಹಾಡು ಮುಗಿಸಿ ಕೂತಿರುವ ಹಾಡಿನ ಮೇಷ್ಟ್ರು, ನನ್ನ ಅಪ್ಪನಿಗೆ,

ವೆರೀನಾ ಈಗಷ್ಟೇ ಕಣ್ಣು ಮುಚ್ಚಿದಳು. ಎಪ್ಪತ್ತಮೂರು ದಿನದ ಕೂಸು. ಉಸಿರಾಡುತ್ತಿದ್ದಾಳೋ ಎಂದು ಮೂರು ಸಲ ಮೂಗಿನ ಬಳಿ ಬೆರಳಿಟ್ಟು ನೋಡಿ ಬಂದೆ. "ಮಗು ಮಲಗ್ದಾಗ ನೀನೂ ಮಲ್ಕೊಳೆ ಅಂದ್ರೆ, ಸತ್ತು ಮಣ್ಣಾದೋರ ಕಾಗದದ ಜೊತೆ ಹರಟೆ ಹೊಡೀತೀಯಲ್ಲ!" ಎಂದು ಅತ್ತೆ ಅಡುಗೆಮನೆಯಿಂದಲೇ ಬಯ್ಯುತ್ತಿದ್ದಾರೆ. ನಿದ್ದೆ ಬಂದರೆ ತಾನೆ?

ಹೆಣ್ಣು ಹೆತ್ತವಳು ಎಂಬತ್ತು ದಿನ ಚರ್ಚಿನ ಹೊಸ್ತಿಲು ತುಳಿಯುವಂತಿಲ್ಲ. ಇಲ್ಲದಿದ್ದರೆ ಎದುರಿಗೇ ಬಂದು ಹೇಳುತ್ತಿದ್ದೆ.

ನಮ್ಮ ಚರ್ಚಿನ ಕಪಾಟಿನಲ್ಲಿರುವ 'ತೊಟ್ಟಿಲ ಪತ್ರ' ಯಾವ ಕಾಲದ್ದೆಂದು, ಹಳೆಯ ಹಸ್ತಪ್ರತಿ ಓದುವುದೇ ಕೆಲಸವಾದ ನಾನೇ ಗುರುವಾರದೊಳಗೆ ಬಿಷಪ್ಪರಿಗೆ ಬರೆದುಕೊಡಬೇಕು. ಸನ್ಯಾಸಿ ಪಪ್ನೂತಿ ಬಾಣಂತಿ ತಂಗಿಗೆ ಬರೆದದ್ದು. ಕೊನೆಯಲ್ಲಿ ಅವನೇ ವರ್ಷ ಹಾಕಿದ್ದಾನೆ: ತೊಂಬತ್ತಾರು. ಕ್ರಿಸ್ತ ಹುಟ್ಟಿದ ತೊಂಬತ್ತಾರನೆಯ ವರ್ಷ ಎಂದು ಊರಿಗೆಲ್ಲ ಹೆಮ್ಮೆ. ಆದರೆ ಆಗ ಮರುಭೂಮಿಯಲ್ಲಿ ನಮ್ಮ ಸನ್ಯಾಸಿಗಳೆಲ್ಲಿದ್ದರು? ಕ್ರಿಸ್ತನಿಂದ ವರ್ಷ ಎಣಿಸುವ ರೂಢಿಯಾದರೂ ಎಲ್ಲಿತ್ತು? ಆ ಸಂಖ್ಯೆಯ ಪಕ್ಕದಲ್ಲಿ ತೊಗಲಿನ ಹಾಳೆ ತೆಳುವಾಗಿದೆ. ಯಾರೋ ಕೆರೆದಿದ್ದಾರೆ.

ಯಾರೋ ಎಂದೇಕೆ ಬರೆಯಲಿ ಅಪ್ಪಾ? ಕೆರೆದವರು ನೀವು, ಹಾಳೆ ಹಿಡಿದವಳು ನಾನು.

ನನಗಾಗ ಎಂಟು ವರ್ಷ. ಹೊಸ ವರ್ಷದ ದಿನ, ಹುತಾತ್ಮರ ನೆನಪಿನ ಕೆಂಪು ಖರ್ಜೂರ ತಿನ್ನುತ್ತಿದ್ದೆ. "ಕೈ ಒರೆಸ್ಕೊಂಡು ಹಿಡ್ಕೋ, ಅಲ್ಲಾಡಿಸ್ಬೇಡ," ಎಂದಿರಿ. ಯಾರ ಹೆಸರಪ್ಪಾ ಅದು ಎಂದೆ. "ಡಯೋಕ್ಲೀಶನ್. ನಮ್ಮೋರನ್ನ ಕಡಿಸಿದ ದೊರೆ. ದೇವ್ರ ಮನೇಲಿ ಅವನಿಗೇನೇ ಕೆಲ್ಸ?" ಚಾಕು ಕಿರ್ರೆಂದಿತು.

ಪಪ್ನೂತಿ ಎಣಿಸಿದ್ದು ಆ ದೊರೆಗೆ ಪಟ್ಟವಾದ ವರ್ಷದಿಂದ. ಅದೇ ಎಣಿಕೆಯನ್ನು ಇಂದಿಗೂ ಹುತಾತ್ಮರ ಹೆಸರಿನಲ್ಲಿ ಎಣಿಸುವವರು ನಾವು! ಇನ್ನೂರ ಎಂಬತ್ತನಾಲ್ಕು ಕೂಡಿಸಿದೆ. ಪತ್ರ ಮುನ್ನೂರ ಎಂಬತ್ತರ ಸುಮಾರಿನದು.

ಆಗ ಹೊಸದಾಗಿ ಬಂದಿದ್ದ ಪಾದ್ರಿ ಯುಸ್ತುಸ್, "ತೊಂಬತ್ತಾರಾ! ಕ್ರಿಸ್ತಶಕ ಅಲ್ವಾ ಮೇಷ್ಟ್ರೇ?" ಎಂದಾಗ ನೀವು ತಿದ್ದದೆ ನಕ್ಕಿರಿ. ಆ ನಗು ಇಪ್ಪತ್ತು ವರ್ಷ ಬೆಳೆಯಿತು. ಈಗ ನಿಜ ಬರೆದರೆ ಊರೆದುರು ನಿಮ್ಮ ತಲೆ ತಗ್ಗುತ್ತದೆ. ಸುಳ್ಳು ಬರೆಯೋಣವೆಂದರೆ, ಮುಂದಿನ ವಾರ ಮಗಳನ್ನು ದೀಕ್ಷಾಸ್ನಾನಕ್ಕೆ ಎತ್ತಿಕೊಳ್ಳಬೇಕಾದದ್ದೂ ಇದೇ ಕೈ.

"ನಿದ್ದೆಗೆಟ್ಟವಳೇ, ನಿನ್ನ ಎಚ್ಚರವೂ ಪ್ರಾರ್ಥನೆಯೇ." ಪಪ್ನೂತಿಯ ಈ ಸಾಲನ್ನು ಹೆರಿಗೆಯ ಮರುದಿನ ನೀವು ಫೋನಿನಲ್ಲಿ ಹಾಡಿದಿರಿ. ಯಾವ ವರ್ಷದ್ದೆಂದು ನಾನು ಕೇಳಲಿಲ್ಲ. ಅತ್ತುಬಿಟ್ಟೆ, ಅಷ್ಟೆ.

ವರ್ಷವನ್ನು ಸರಿಯಾಗಿಯೇ ಬರೆದಿದ್ದೇನೆ. ಹಾಳೆ ಹಿಡಿದವಳೆಂದು ನನ್ನ ಹೆಸರು ಹಾಕಿದ್ದೇನೆ. ಕೆರೆದವರ ಹೆಸರಿನ ಜಾಗ ಖಾಲಿ ಇದೆ. ಬುಧವಾರ ಬನ್ನಿ, ನಿಮ್ಮ ಕೈಯಿಂದಲೇ ತುಂಬಿ. ಬರದಿದ್ದರೆ ಖಾಲಿಯಾಗಿಯೇ ಕಳಿಸುತ್ತೇನೆ. ಅಲ್ಲಿ ನಿಮ್ಮ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ.

ಮಗು ಎದ್ದಳು. ನನ್ನ ಪಾಲಿನ ನಿದ್ದೆಯನ್ನೂ ದೇವರು ನಿಮಗೇ ಕೊಡಲಿ.

ಅಂದು ಅಲ್ಲಾಡಿಸದೆ ಹಿಡಿದಿದ್ದ ನಿಮ್ಮ ಮಗಳು,
ದಿಮ್ಯಾನಾ