ಸೇತುವೆ ದಾಟಬಾರದ ಹುಡುಗಿ, ದಾಟಬಹುದಾದ ಹುಡುಗ

ಮಾನ್ಯ ಪ್ರಾಂತೀಯ ನಿರ್ದೇಶಕರೇ,

ಹೇಸಿಗೆಯಾಗಿದೆ. ಇದಕ್ಕಿಂತ ಸಭ್ಯವಾದ ಪದ ಸಿಗುತ್ತದೇನೋ ಎಂದು ಹುಡುಕಿದೆ, ಸಿಗಲಿಲ್ಲ. ಬರುವ ಭಾನುವಾರ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಸೇತುವೆ ದಾಟುವ ಸಮಾರಂಭವಿದೆ. ನನ್ನ ಸ್ಕೌಟ್ ದಳದ ಟೆಸ್ಸಾ ಹೌಗೆನ್ ಅದನ್ನು ದಾಟಕೂಡದು, ಏಕೆಂದರೆ ಅವಳು ಆರು ತಿಂಗಳ ಬಸುರಿ, ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅದೇ ಭಾನುವಾರ ಅದೇ ಸೇತುವೆಯನ್ನು ಆ ಮಗುವಿನ ತಂದೆ ಕೋಲ್ಬಿ ಧಾರಾಳವಾಗಿ ದಾಟಬಹುದು. ಅವನಿಗೇಕೆ ಅಡ್ಡಿ? ಅವನ ಸಮವಸ್ತ್ರದ ಗುಂಡಿಗಳು ಇನ್ನೂ ಸರಿಯಾಗಿ ಕೂರುತ್ತವಲ್ಲ!

ಆ ಸೇತುವೆಯ ಮೂಲ ನಿಮಗೆ ಗೊತ್ತಿರಲಾರದು. ನನ್ನ ಗಂಡ ಓರ್ವಿಲ್ ಕೊಟ್ಟಿಗೆ ರಿಪೇರಿಯಲ್ಲಿ ಉಳಿದ ಮರದಲ್ಲಿ ಮಾಡಿದ್ದು. ಅತ್ತಿಂದಿತ್ತ ನಾಲ್ಕು ಹೆಜ್ಜೆ, ಅಷ್ಟೇ. ಹೈಸ್ಕೂಲು ಮುಗಿಸುವ ವರ್ಷದ ಮೇ ತಿಂಗಳಲ್ಲಿ ಹುಡುಗಿ ಈ ಕಡೆಯಿಂದ ಹತ್ತುತ್ತಾಳೆ, ಆ ಕಡೆ ನಾನು ಕೈ ಹಿಡಿದು ಇಳಿಸಿಕೊಂಡು ಭುಜದಿಂದ ಸೊಂಟಕ್ಕೆ ಇಳಿಯುವ ಪಟ್ಟಿ ತೊಡಿಸುತ್ತೇನೆ. ಇಳಿದವಳು ಇನ್ನು ಹುಡುಗಿಯಲ್ಲ, ನಮ್ಮ ಸಾಲಿನ ಹೆಂಗಸು. ಬೆಳಗಿನ ಹಾಲು ಕರೆದು ಕೊಟ್ಟಿಗೆಯ ವಾಸನೆಯ ಸಮೇತ ಓಡಿಬಂದು ದಾಟಿದವರಿದ್ದಾರೆ. ತಾಯಿ ಸತ್ತ ವಾರವೇ ದಾಟಿದವಳಿದ್ದಾಳೆ. ಮಿನೆಸೋಟದ ಈ ಮೂಲೆಯಲ್ಲಿ ಯಾರೂ ಯಾರನ್ನೂ ಸುಮ್ಮನೆ ತಬ್ಬಿಕೊಳ್ಳುವುದಿಲ್ಲ. ಆ ದಿನ ಮಾತ್ರ ತಬ್ಬಿಕೊಳ್ಳುತ್ತೇವೆ.

ಮೂರು ವರ್ಷದ ಹಿಂದೆ ತಾವು ನಮ್ಮ ಸಂಸ್ಥೆಯ ಹೆಸರಿನಿಂದ 'ಬಾಲಕಿಯರ' ಎಂಬ ಮಾತನ್ನು ಕಿತ್ತುಹಾಕಿದಿರಿ. ಇನ್ನು ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲರಿಗೂ ಬಾಗಿಲು ತೆರೆದಿದೆ ಎಂದಿರಿ. ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವಳು ನಾನೇ. ಹೊಟ್ಟೆ ಒಳಗೆಳೆದುಕೊಳ್ಳದೆ, ಬಾಯಿಗೆ ಕೈ ಅಡ್ಡ ಹಿಡಿಯದೆ ನಗಲು ಹುಡುಗಿಯರಿಗೆ ಒಂದು ಕೋಣೆಯಾದರೂ ಬೇಡವೇ ಎಂದು ಕೇಳಿದ್ದೆ. ತಾವು ಮುಗುಳ್ನಕ್ಕು, "ಹಾಗೂ ಯೋಚ್ನೆ ಮಾಡ್ಬಹುದು ನೋಡಿ" ಎಂದಿರಿ. ನಮ್ಮ ಕಡೆ ಅದರ ಅರ್ಥ 'ಮುದುಕಿ, ಸುಮ್ನೆ ಕೂತ್ಕೋ' ಎಂದು. ಕೂತೆ. ಹುಡುಗರು ಬಂದರು. ಕೆಟ್ಟವರೇನಲ್ಲ. ಆದರೆ ಒದ್ದೆ ಸೌದೆಯಲ್ಲೂ ಬೆಂಕಿ ಹೊತ್ತಿಸುತ್ತಿದ್ದ ನನ್ನ ಹುಡುಗಿಯರು ಆ ಬೇಸಿಗೆಯಲ್ಲೇ ತಟ್ಟೆ ಹಿಡಿದು ಹಿಂದೆ ನಿಂತರು. ಕೊಡಲಿ ಯಾರ ಕೈಗೆ ಹೋಯಿತೆಂದು ಹೇಳಬೇಕೇ? ಸಮಾನತೆ ಬಂತು, ಪಾತ್ರೆ ತೊಳೆಯುವ ಕೆಲಸ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಟೆಸ್ಸಾ ಬಸುರಾದದ್ದು ನಿಮ್ಮ ಶಿಬಿರದಲ್ಲಲ್ಲ. ಆ ಮಟ್ಟಿಗೆ ನಿಮ್ಮನ್ನು ದೂರಲಾರೆ. ಹದಿನೆಂಟು ತುಂಬಿದ ಇಬ್ಬರು ಮಾಡಿದ ತಪ್ಪು ಅದು. ತಪ್ಪೇ ಎನ್ನುವವಳು ನಾನು, ಅವಳ ಮುಖಕ್ಕೂ ಹೇಳಿದ್ದೇನೆ. ಅವಳು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಮಗೂನ ಇಟ್ಕೋತೀನಿ ಅಜ್ಜಿ" ಎಂದಳು. ದಳದ ಮಕ್ಕಳಿಗೆಲ್ಲ ನಾನು ಅಜ್ಜಿಯೇ.

ಕಳೆದ ಮಂಗಳವಾರ ದಳ ಸೇರಿದ್ದಾಗ ತಾವೇ ನೆಲಮಾಳಿಗೆಗೆ ಬಂದಿರಿ, ಎದೆಯ ಮೇಲೆ 'ಎಲ್ಲರಿಗೂ ಸ್ವಾಗತ' ಎಂಬ ಬಿಲ್ಲೆ ಸಿಕ್ಕಿಸಿಕೊಂಡು. ನಾನು ಮಾಡಿದ ರೂಬಾರ್ಬ್ ದಂಟಿನ ಸಿಹಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಿರಿ. ಅನಂತರ ನಡೆದ ಮಾತುಕತೆ ಊರಿಗೂ ತಿಳಿಯಲಿ.

"ಮಿಸೆಸ್ ಲೂಂಡ್, ನಾವು ಯಾರನ್ನೂ ತಪ್ಪು ಅಂತಿಲ್ಲ. ಆದ್ರೆ ಫೋಟೋ ತೆಗೀತಾರೆ, ಚಿಕ್ಕ ಮಕ್ಕಳಿರ್ತಾರೆ. ತಪ್ಪು ಸಂದೇಶ ಹೋಗತ್ತೆ."

"ಫೋಟೋದಲ್ಲಿ ಕೋಲ್ಬೀನೂ ಇರ್ತಾನಲ್ಲ, ಅವನಿಂದ ಏನು ಸಂದೇಶ ಹೋಗತ್ತೆ?"

"ಅದು ಅವನ ಖಾಸಗಿ ವಿಷಯ."

"ಇವಳದ್ದು?"

"ಇವಳದ್ದು... ಕಾಣ್ಸತ್ತಲ್ಲ."

ಗೋಡೆ ಬದಿಗೆ ಕುರ್ಚಿ ಜೋಡಿಸುತ್ತಿದ್ದ ಟೆಸ್ಸಾ ಆಗ ತಿರುಗಿದಳು. "ಮೇಡಂ, ಒಂದು ಕೇಳ್ಲಾ? ಜನವರೀಲಿ ನಾನು ಕ್ಲಿನಿಕ್‌ಗೆ ಹೋಗಿ ತೆಗೆಸ್ಕೊಂಡು ಬಂದಿದ್ರೆ, ಈ ಭಾನುವಾರ ನನ್ನ ದಾಟೋಕೆ ಬಿಡ್ತಿದ್ರಾ?"

ತಾವು ಕೈಚೀಲ ಎತ್ತಿಕೊಂಡು "ಅದು ಬೇರೆ ವಿಷಯ, ಪುಟ್ಟಾ" ಎಂದಿರಿ. ಬೇರೆ ಹೇಗೆ? ಇಷ್ಟು ನೇರವಾದ ಪ್ರಶ್ನೆಯನ್ನು ಈ ಜಿಲ್ಲೆಯಲ್ಲಿ ಯಾರೂ ಯಾರಿಗೂ ಕೇಳಿದ್ದಿಲ್ಲ. ಹೆಣ್ಣಿನ ಆಯ್ಕೆ, ಹೆಣ್ಣಿನ ಆಯ್ಕೆ ಎಂದು ಪ್ರತಿ ಭಾಷಣದಲ್ಲೂ ಜಪಿಸುವವರು ತಾವು. ಅವಳು ಆಯ್ದುಕೊಂಡಳಲ್ಲ ತಾಯಿ! ನಿಮಗೆ ಒಪ್ಪಿಗೆಯಾದ ಆಯ್ಕೆಯನ್ನಲ್ಲ, ಅಷ್ಟೇ. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ ಎನ್ನುವುದು ಇದಕ್ಕೇ.

ನನ್ನ ಕಡೆಯವರನ್ನು ಬಿಟ್ಟೇನೆಂದು ಹಿಗ್ಗಬೇಡಿ. ಹೊಟ್ಟೆಯಲ್ಲಿರುವುದು ಮೊದಲ ದಿನದಿಂದಲೂ ಮಗುವೇ ಎಂದು ನಂಬಿದವಳು ನಾನು. ಪ್ರತಿ ಜನವರಿ ಹಿಮದಲ್ಲಿ ಗರ್ಭಪಾತದ ವಿರುದ್ಧ ಫಲಕ ಹಿಡಿದು ನಡೆದಿದ್ದೇನೆ. ಗರ್ಭಪಾತಗಳ ಸಂಖ್ಯೆ ಏರಿತೋ ಇಳಿಯಿತೋ ಎಂದು ನಮ್ಮ ಚರ್ಚಿನ ಗಂಡಸರು ಕಾಫಿ ಆರುವ ತನಕ ವಾದಿಸುತ್ತಾರೆ. ಇಳಿದರೆ ನಮ್ಮ ಪ್ರಾರ್ಥನೆಯಿಂದ, ಏರಿದರೆ ರಾಜಧಾನಿಯವರಿಂದ. ಮಗುವನ್ನು ಉಳಿಸಿಕೊಂಡು ಆ ಸಂಖ್ಯೆಯನ್ನು ಒಂದರಷ್ಟಾದರೂ ಇಳಿಸಿದ ಹುಡುಗಿಯೊಬ್ಬಳು ಮೂರನೆಯ ಸಾಲಿನಲ್ಲಿ ಕೂತಿದ್ದರೂ ಅವರಿಗೆ ಕಾಣಲಿಲ್ಲ. ಮೊನ್ನೆ ತಾಯಂದಿರ ಭಾನುವಾರ. ಬಾಗಿಲಲ್ಲಿ ನಿಂತು ಹೆಂಗಸರಿಗೆಲ್ಲ ಹೂ ಹಂಚುವುದು ನಮ್ಮ ದಳದ ಪದ್ಧತಿ. ಬುಟ್ಟಿ ಹಿಡಿದವಳು ಟೆಸ್ಸಾ. ಬಸುರಿಯರಿಗೂ ಹೂ ಕೊಡುತ್ತೇವೆ, ಅದನ್ನು ದೊಡ್ಡದಾಗಿ ಹೇಳಿಕೊಳ್ಳುತ್ತೇವೆ ಕೂಡ. ಅವಳಿಂದ ಹೂ ಇಸಿದುಕೊಂಡವರಲ್ಲಿ ಒಬ್ಬರಾದರೂ ನಿನ್ನದೆಲ್ಲಿ ಎಂದು ಕೇಳಲಿಲ್ಲ. ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದು, "ಅವಳು ಸೇತುವೆ ದಾಟೋದನ್ನ ಸೆಪ್ಟೆಂಬರಲ್ಲಿ ಮಾಡೋಣ ಆರ್ಡಿಸ್, ಹೆರಿಗೆ ಆದ್ಮೇಲೆ, ಸದ್ದಿಲ್ದೆ" ಎಂದರು. ಹುಟ್ಟುವ ತನಕ ಮಗು ಪವಿತ್ರ, ಹೊತ್ತವಳು ಮಾತ್ರ ತೆರೆಯ ಹಿಂದಿರಬೇಕು! ನೀವೂ ಅವರೂ ಊರೆಲ್ಲ ಕೇಳುವಂತೆ ಕಿತ್ತಾಡುತ್ತೀರಿ, ಈ ಹುಡುಗಿಯನ್ನು ಹೊರಗಿಡುವಾಗ ಮಾತ್ರ ಕೈ ಕೈ ಹಿಡಿದಿದ್ದೀರಿ. ನನಗೆ ಹೇಸಿಗೆಯಾಗಿರುವುದು ಅದನ್ನು ನೋಡಿ.

ತಾವು ಕಾರು ಹತ್ತಿದ ಮೇಲೆ ಆದದ್ದನ್ನೂ ಕೇಳಿ. ಮೇಜಿನ ಸುತ್ತ ಗಂಟು ಹಾಕುವುದನ್ನು ಕಲಿಯುತ್ತಿದ್ದ ಪುಟ್ಟ ಹುಡುಗಿಯರೆಲ್ಲ ನಿಮ್ಮ ಮಾತು ಕೇಳಿಸಿಕೊಂಡಿದ್ದರು. ಅವರಲ್ಲಿ ಎಲ್ಸಿ ಎಂಬ ಹನ್ನೊಂದರ ಪೋರಿ ಹಗ್ಗ ಕೆಳಗಿಟ್ಟು, "ಅಜ್ಜಿ, ಅಂದ್ರೆ ಯಾರ್ಗೂ ಕಾಣ್ದಿರೋ ಹಾಗೆ ಮಾಡಿದ್ರೆ ಪರ್ವಾಗಿಲ್ವಾ?" ಎಂದಳು. ಟೆಸ್ಸಾ ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪು ಸಂದೇಶ ಹೋಗುತ್ತದೆಂದು ಹೆದರಿದಿರಲ್ಲ, ಅದು ಹೋಗಿ ಮುಟ್ಟಿಯಾಗಿದೆ. ಕಳಿಸಿದವರು ತಾವು.

ಆದ್ದರಿಂದ ನನ್ನ ಬೇಡಿಕೆ. ವಿನಂತಿ ಎನ್ನುವ ಕಾಲ ಮುಗಿಯಿತು. ಭಾನುವಾರ ಎರಡು ಗಂಟೆಗೆ ಬನ್ನಿ. ಟೆಸ್ಸಾ ಹೇಗೂ ಸೇತುವೆ ದಾಟುತ್ತಾಳೆ, ಕೈ ಹಿಡಿದು ಇಳಿಸಿಕೊಳ್ಳುವವಳು ನಾನು, ಪಟ್ಟಿ ಅವಳ ಹೊಟ್ಟೆಯ ಮೇಲೆ ಹೇಗೆ ಕೂರುತ್ತದೋ ಹಾಗೆ ಕೂರಲಿ. ನನ್ನ ನಾಯಕತ್ವ ಕಿತ್ತುಕೊಳ್ಳುವುದಾದರೆ ಊಟವಾದ ಮೇಲೆ ಕಿತ್ತುಕೊಳ್ಳಿ. ಆದರೆ ಅದಕ್ಕೆ ಮುಂಚೆ ಆ ಪುಟ್ಟ ಹುಡುಗಿಯರ ಎದುರು ನಿಂತು ಟೆಸ್ಸಾ ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಿ. ಎಲ್ಸಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿರುತ್ತೇನೆ.

ಇಂತಿ,
ಈ ಭಾನುವಾರದ ಊಟದ ತನಕ ಮಾತ್ರ ನಿಮ್ಮ ದಳನಾಯಕಿ,
ಆರ್ಡಿಸ್ ಲೂಂಡ್