ವಕೀಲರ ಖರ್ಚಿಗೆ ಇನ್ನೊಂದು ಜೋಡಿ ಕೈ

ಕಾರ್ಮಿಕ ಪರಿಹಾರ ಆಯುಕ್ತರಿಗೆ,

ಮಾನ್ಯರೇ,

ನನ್ನ ತಮ್ಮನ ಎಡಗೈಯ ನಾಲ್ಕು ಬೆರಳು ತಿಂದ ಪ್ರೆಸ್ ಯಂತ್ರದ ಮುಂದೆ ಈಗ ಅವನ ಹೆಂಡತಿ ನಿಂತಿದ್ದಾಳೆ. ಗಂಡನ ಪರಿಹಾರದ ಮೊಕದ್ದಮೆಗೆ ಬೇಕಾದ ಖರ್ಚನ್ನು ಅವಳು ದುಡಿಯುತ್ತಿರುವುದು ಅಲ್ಲಿ. ಗಾಯಗೊಂಡ ಕಾರ್ಮಿಕ ವಕೀಲರನ್ನು ಯಾವ ದುಡ್ಡಿನಿಂದ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ನಿಮ್ಮ ಕಚೇರಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಮನೆ ಕಂಡುಕೊಂಡ ಉತ್ತರ ಇದು. ಅವಳ ಎರಡೂ ಕೈಗಳು ಇವತ್ತಿನವರೆಗೆ ನೆಟ್ಟಗಿವೆ. ಹಾಗಿರುವಾಗಲೇ ತಮಗೆ ತಲುಪಲೆಂದು ಪತ್ರಿಕೆಯಲ್ಲಿ, ಹತ್ತು ಜನರ ಎದುರಿಗೆ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಿದ ಪತ್ರಗಳು ನಿಮ್ಮ ಮೊಹರಿನ ಆಶೀರ್ವಾದ ಪಡೆದು ಎಲ್ಲಿ ಮಲಗಿವೆಯೋ ಬಲ್ಲವರಿಲ್ಲ.

ನಿಮ್ಮ ಕಚೇರಿಯ ಮೆಟ್ಟಿಲ ಬಳಿ ಒಂದು ಫಲಕವಿದೆ. ಅರ್ಜಿದಾರರು ತಮ್ಮ ಅಹವಾಲನ್ನು ತಾವೇ ಹೇಳಿಕೊಳ್ಳಬಹುದು, ವಕೀಲರ ಅಗತ್ಯವಿಲ್ಲ ಎಂದು ಅದರಲ್ಲಿ ಚೆಂದದ ಅಕ್ಷರಗಳಲ್ಲಿ ಬರೆಸಿದ್ದೀರಿ. ನಾನು ಜೀವನವಿಡೀ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವಳು. ಅಚ್ಚಾದ ಮಾತಿಗೆ ಬೆಲೆ ಕೊಡುವುದನ್ನು ತಮ್ಮನಿಗೂ ಕಲಿಸಿದ್ದೆ. ಅವನು ಫಲಕವನ್ನು ನಂಬಿ ಒಬ್ಬನೇ ಒಳಗೆ ಹೋದ. ಕಾರ್ಖಾನೆಯವರು ಮಾತ್ರ ಆ ಫಲಕವನ್ನು ಓದಿರಲಿಲ್ಲವೆಂದು ತೋರುತ್ತದೆ. ಅವರ ಕಡೆ ಮೂವರು ವಕೀಲರಿದ್ದರು: ಒಬ್ಬರು ಮಾತಾಡಲು, ಒಬ್ಬರು ಚೀಲ ಹಿಡಿಯಲು, ಇನ್ನೊಬ್ಬರು ತಲೆಯಾಡಿಸಲು.

ಅಂದು ಆದದ್ದು ನಿಮಗೆ ಮರೆತಿರಬಹುದು. ಅದನ್ನು ನೆನಪಿಸುವ ಮೊದಲು ಆ ಕಾರ್ಖಾನೆಯ ಒಂದು ಪದ್ಧತಿಯನ್ನು ತಾವು ತಿಳಿಯಬೇಕು. ಅದು ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಜಾಗ. ಪ್ರೆಸ್‌ನ ಬಾಯಿಗೆ ಕೈ ಹೋಗದ ಹಾಗೆ ಒಂದು ಕಬ್ಬಿಣದ ಜಾಲರಿ ಇರುತ್ತದೆ. ಜಾಲರಿ ಇಳಿಸಿಕೊಂಡು ಕೆಲಸ ಮಾಡಿದರೆ ಮೇಲಿನವರು ಕೇಳುವಷ್ಟು ಮುಚ್ಚಳ ಏಳುವುದಿಲ್ಲ. ಆದ್ದರಿಂದ ಪಾಳಿ ಶುರುವಾಗುತ್ತಲೇ ಅದನ್ನು ಮೇಲೆತ್ತಿ ತಂತಿಯಿಂದ ಕಟ್ಟುತ್ತಾರೆ. ಯಂತ್ರ ಬಿಟ್ಟು ಹೋಗುವವನು ತಂತಿ ಬಿಚ್ಚಿ ಜಾಲರಿ ಇಳಿಸಿಯೇ ಹೋಗಬೇಕು. ಹೊರಗಿನವರು ಬಂದು ನೋಡಿದರೆ ಎಲ್ಲವೂ ಕಾನೂನಿನಂತೆ ಕಾಣಬೇಕಲ್ಲ. ನೀರು ಕುಡಿಯಲು ಹೋದರೂ ಇಳಿಸಬೇಕು. ನಾವು ಮನೆಯಿಂದ ಹೊರಡುವಾಗ ಒಲೆ ಆರಿಸುವಂತೆ ಅವರಿಗೆ ಇದು ಕೈಗೆ ಹತ್ತಿದ ಅಭ್ಯಾಸ.

ಪೆಡಲ್ ತುಳಿದರೆ ಮಾತ್ರ ಇಳಿಯಬೇಕಾದ ಪ್ರೆಸ್ ತಾನಾಗಿ ಇಳಿದ ದಿನ, ನನ್ನ ತಮ್ಮ ರಕ್ತ ಸುರಿಯುತ್ತಿದ್ದ ಕೈಯನ್ನು ಅಂಗಿಯೊಳಗೆ ತೂರಿಸಿಕೊಂಡು, ಉಳಿದ ಕೈಯಿಂದ ತಂತಿ ಬಿಚ್ಚಿ, ಜಾಲರಿ ಇಳಿಸಿ, ಆಮೇಲೆ ಕುಸಿದುಬಿದ್ದ. ಯಾಕೆ ಹಾಗೆ ಮಾಡಿದೆಯೋ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ಯಂತ್ರ ಬಿಟ್ಟು ಹೋಗುತ್ತಿದ್ದೆನಲ್ಲ, ಅಕ್ಕಾ, ಅಂದ. ಅವನನ್ನು ಗಾಡಿಗೆ ಹತ್ತಿಸಿದ ಮೇಲೆ ಮ್ಯಾನೇಜರು ಯಂತ್ರದ ಫೋಟೋ ತೆಗೆಸಿದರು. ಜಾಲರಿ ಅಚ್ಚುಕಟ್ಟಾಗಿ ಇಳಿದಿರುವ ಫೋಟೋ. ಅದೇ ಅವರ ಬ್ರಹ್ಮಾಸ್ತ್ರ.

ನಿಮ್ಮೆದುರು ಅವರ ಹಿರಿಯ ವಕೀಲರು ಆ ಫೋಟೋ ಹಿಡಿದು ಬಲು ಮೆತ್ತಗೆ ಕೇಳಿದರು:

"ಈ ಜಾಲರಿ ಇಳಿಸಿದ್ದು ಯಾರಪ್ಪಾ?"

"ನಾನೇ ಸಾರ್."

"ಸರಿಯಾಗಿ ಇಳಿದಿತ್ತಾ?"

"ಪೂರ್ತಿ ಇಳಿದಿತ್ತು ಸಾರ್. ನಾನು ಯಾವತ್ತೂ ಅರ್ಧಕ್ಕೆ ಬಿಟ್ಟೋನಲ್ಲ."

ಅಷ್ಟೇ ಸಾಕು ಎಂದು ಅವರು ಕೂತರು. ಜಾಲರಿ ಇಳಿದಿದ್ದರೆ ಕೈ ಒಳಗೆ ಹೋಗದು; ಹೋಗಿದ್ದರೆ ಇವನೇ ಬೇಕೆಂದು ಸಂದಿಯಲ್ಲಿ ತೂರಿಸಿರಬೇಕು. ಹೀಗೆಂದು ಬರೆಸಿಕೊಂಡಿರಿ. ಅದಾದ ಮೇಲಿನ ಪ್ರಶ್ನೆ ಒಂದೇ ಇತ್ತು: ಇಳಿಸಿದ್ದು ಬೆರಳು ಹೋಗುವ ಮುಂಚೆಯೋ, ಹೋದ ಮೇಲೋ? ಅದನ್ನು ಅವರು ಕೇಳುವುದಿಲ್ಲ, ಅವರಿಗೆ ಸಂಬಳ ಇರುವುದೇ ಕೇಳದಿರಲು. ನೀವು ಕೇಳಲಿಲ್ಲ. ನನ್ನ ತಮ್ಮನಿಗೆ ತಾನು ಹೇಳಿದ್ದರಲ್ಲಿ ಏನು ತಪ್ಪಾಯಿತು ಎಂದೇ ಹೊಳೆಯಲಿಲ್ಲ. ನಾನು ಹಿಂದಿನ ಬೆಂಚಿನಿಂದ ಎದ್ದೆ. ಜವಾನ ಬಂದು, ಕೂತ್ಕೊಳ್ಳಿ ಅಮ್ಮಾ, ನೀವು ಪಾರ್ಟಿ ಅಲ್ಲ ಎಂದು ಕೂರಿಸಿದ. ಆ ಒಂದು ಪ್ರಶ್ನೆಯನ್ನು ಆ ಹೊತ್ತಿಗೆ ಎದ್ದು ಕೇಳುವವರಿಗೆ ವಕೀಲರು ಎನ್ನುತ್ತಾರೆ, ಮಾನ್ಯರೇ. ಕೊನೆಗೆ ತಾವೇ ಬೇಸರದಿಂದ, "ಒಬ್ಬ ವಕೀಲರನ್ನಾದರೂ ಇಟ್ಕೊಂಡು ಬರಬಾರದೇನ್ರೀ?" ಎಂದಿರಿ. ಬಾಗಿಲಾಚೆಯ ಫಲಕ ಬೇಡ ಅನ್ನುತ್ತದೆ, ಬಾಗಿಲೊಳಗಿನ ಆಯುಕ್ತರು ಬೇಕು ಅನ್ನುತ್ತಾರೆ. ಬಡವ ಯಾರ ಮಾತನ್ನು ಕೇಳಬೇಕು, ಗೋಡೆಯದೋ ಕುರ್ಚಿಯದೋ?

ಸರಿ, ವಕೀಲರನ್ನು ಹುಡುಕಿ ಹೊರಟೆವು. ಮೊದಲು ಹೋದದ್ದು ನಿಮ್ಮದೇ ಉಚಿತ ಕಾನೂನು ನೆರವಿನ ಕಿಟಕಿಗೆ. ಗುಮಾಸ್ತರು ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲ, ಮೊದಲಿನ ಹಾಗೇ ಮಾಡಿಸಿಕೊಂಡು ಬನ್ನಿ ಎಂದರು. ತಮ್ಮನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಎಡಚ ಎಂದು. ಆ ಸಹಿ ಮಾಡಿದ ಕೈ ನಿಮ್ಮ ಕಡತದಲ್ಲೇ ಇದೆಯಲ್ಲಪ್ಪಾ, ಗಾಯದ ಫೋಟೋ ಸಮೇತ, ಅಂದೆ. ಅವರು ನಗಲಿಲ್ಲ. ಅವರಿಗೆ ನಗುವ ಅಧಿಕಾರವಿಲ್ಲವೇನೋ. ಅರ್ಜಿ ಇನ್ನೂ 'ಪರಿಶೀಲನೆಯಲ್ಲಿದೆ'.

ಆಮೇಲೆ ದೊಡ್ಡ ಹೆಸರಿನ ಒಬ್ಬ ವಕೀಲರು. ಕುರ್ಚಿ ತೋರಿಸುವ ಮೊದಲೇ ಮುಂಗಡ ಹೇಳಿದರು. ಅಷ್ಟು ಹಣ ನಮ್ಮಲ್ಲಿದ್ದರೆ ಪರಿಹಾರವನ್ನು ನಾವೇ ಅವರಿಗೆ ಕೊಡುತ್ತಿದ್ದೆವು. ಇನ್ನೊಬ್ಬ ವಕೀಲನನ್ನು ನಾವು ಹುಡುಕಬೇಕಾಗಿರಲಿಲ್ಲ. ಹೊಲಿಗೆ ಒಣಗುವ ಮೊದಲೇ ವಾರ್ಡಿನಲ್ಲಿ ಹಾಜರಿದ್ದ. ಅಲ್ಲಿನ ರೋಗಿಗಳು ಅವನಿಗೆ ಇಟ್ಟ ಹೆಸರು ಹದ್ದು. ಈಗೇನೂ ಕೊಡಬೇಡಿ, ಬಂದದ್ದರಲ್ಲಿ ಅರ್ಧ ಕೊಡಿ ಎಂದು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಕೇಳಿದ. ಪಕ್ಕದ ಮಂಚದ ಗಾರೆಯವನು ಕೊಟ್ಟಿದ್ದ. ಅವನ ಪ್ರಕರಣ ಯಾವಾಗ ರಾಜಿಯಾಯಿತು, ಎಷ್ಟಕ್ಕೆ ಆಯಿತು ಎಂಬುದು ಅವನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಕೊನೆಗೆ ಸಿಕ್ಕಿದ್ದು ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುವ ಒಬ್ಬ ವಕೀಲೆ. ಕತೆಯನ್ನೆಲ್ಲ ಕೇಳಿ ಮೊದಲು ಅವರು ಕೇಳಿದ್ದೇ ಆ ಪ್ರಶ್ನೆ, ಮುಂಚೆಯೋ ಆಮೇಲೋ ಎಂದು. ನನಗೆ ಕಣ್ಣು ತುಂಬಿ ಬಂತು. "ನನ್ನ ಫೀಸು ಗೆದ್ದ ಮೇಲೆ ನೋಡೋಣ, ಅಕ್ಕಾ," ಅಂದರು. "ಆದ್ರೆ ಆ ಪ್ರೆಸ್ ತಾನಾಗೇ ಇಳಿಯುತ್ತೆ ಅಂತ ಒಬ್ಬ ಇಂಜಿನಿಯರ್ ನೋಡಿ ಹೇಳಬೇಕು. ಅವರು ನನ್ನ ಮುಖ ನೋಡಿ ಬರಲ್ಲ." ನಿಮ್ಮ ನಿಯಮದ ಪ್ರಕಾರ ಆ ಪರೀಕ್ಷೆಯ ಖರ್ಚನ್ನು ಅರ್ಜಿದಾರನೇ ಮುಂಗಡವಾಗಿ ಕಟ್ಟಬೇಕು. ಕೈ ಕಳೆದುಕೊಂಡವನೇ ಕೈಯಿಂದ ಹಾಕಬೇಕು! ನನ್ನ ಪಿಂಚಣಿ ಆಗಲೇ ಅವನ ಶಸ್ತ್ರಚಿಕಿತ್ಸೆಯ ಸಾಲಕ್ಕೆ ಒತ್ತೆ ಬಿದ್ದಿತ್ತು.

ನನಗೆ ಇನ್ನೂ ನೆನಪಿದೆ. ನಮ್ಮ ತಂದೆಯ ಕಾಲದಲ್ಲಿ ನಿಮ್ಮ ಇದೇ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಒಂದು ಸಣ್ಣ ಕೋಣೆಯಿತ್ತು. ವಾರಕ್ಕೊಮ್ಮೆ ಒಬ್ಬ ವಯಸ್ಸಾದ ವಕೀಲರು ಅಲ್ಲಿ ಕೂರುತ್ತಿದ್ದರು. ಅವರಿಗೆ ಸಂಬಳ ಕೊಡುತ್ತಿದ್ದದ್ದು ಎಲ್ಲ ಕಾರ್ಖಾನೆಗಳಿಂದ ವಸೂಲಾದ ನಿಧಿ. ಬಂದವನಿಂದ ಅವರು ಚಹಾ ಸಹ ಕುಡಿಯುತ್ತಿರಲಿಲ್ಲ. ಅಂಥ ಹುಚ್ಚು ಔದಾರ್ಯ ಆಡಳಿತಕ್ಕೆ ಒಗ್ಗುವುದಿಲ್ಲವೆಂದು ಯಾರೋ ಜಾಣರು ಆ ವ್ಯವಸ್ಥೆಯನ್ನು ತೆಗೆದರು. ಹೋದ ಸಲ ಇಣುಕಿ ನೋಡಿದೆ. ಈಗ ಅಲ್ಲಿ ಮುರಿದ ಫ್ಯಾನುಗಳಿವೆ.

ಈ ನಡುವೆ ಮ್ಯಾನೇಜರು ಮಾನವೀಯತೆ ಮೆರೆದರು. ಮನೆಗೇ ಹೇಳಿಕಳಿಸಿ ತಮ್ಮನ ಹೆಂಡತಿಗೆ ಕೆಲಸ ಕೊಟ್ಟರು. ಸ್ವಂತ ಇಚ್ಛೆಯಿಂದ ಸೇರುತ್ತಿದ್ದೇನೆ ಎಂದು ಬರೆಸಿಕೊಂಡು, ಖಾಲಿ ಇದ್ದ ಒಂದೇ ಯಂತ್ರದ ಮುಂದೆ ನಿಲ್ಲಿಸಿದರು. ಅದು ಯಾಕೆ ಖಾಲಿ ಇತ್ತು ಎಂದು ನಿಮಗೆ ಹೇಳಬೇಕಿಲ್ಲ. ನಾನು ಬೇಡವೆಂದು ಜಗಳವಾಡಿದೆ. ಇಂಜಿನಿಯರ್ ಖರ್ಚು ಹೊಂದುವ ತನಕ ಮಾತ್ರ ಅಕ್ಕಾ ಎಂದಳು. ಅಲ್ಲಿಂದಾಚೆಗೆ ಕಾರ್ಖಾನೆಯ ವಕೀಲರು ಕೇಳಿದಾಗಲೆಲ್ಲ ನೀವು ಮುಂದಿನ ದಿನಾಂಕ ಕೊಡುತ್ತಲೇ ಬಂದಿದ್ದೀರಿ. ನಿಮಗದು ಒಂದು ದಿನಾಂಕ. ಅವಳು ಅಷ್ಟು ದಿನ ಆ ಯಂತ್ರದ ಬಾಯಿಗೆ ತಗಡು ಹಾಕಿ ಕೈ ಹಿಂದಕ್ಕೆಳೆಯಬೇಕು.

ಸಂಜೆ ನಮ್ಮ ಅಡುಗೆಮನೆಯಲ್ಲಿ ಒಂದು ಪಾಠ ನಡೆಯುತ್ತದೆ. ಗಂಡ ಹೆಂಡತಿ ಮೇಜಿನ ಎದುರುಬದುರು ಕೂರುತ್ತಾರೆ. ಅವಳು ಒಂದು ಬಟ್ಟಲನ್ನು ಮುಂದಿಡುತ್ತಾಳೆ, ಅವನು ಬಲಗೈಯನ್ನು ಮೇಲಿನಿಂದ ಬಡಿಯುತ್ತಾನೆ. ಬಡಿಯುವಷ್ಟರಲ್ಲಿ ಅವಳು ಕೈ ತೆಗೆದಿರಬೇಕು. ನನ್ನ ಭುಜ ನೋಡಬೇಡ, ಯಂತ್ರಕ್ಕೆ ಭುಜ ಇಲ್ಲ ಎಂದು ಅವನು ಗದರುತ್ತಾನೆ. ಮೊದಮೊದಲು ಮಕ್ಕಳಾಟ ನೋಡಿದಂತೆ ನಾನೂ ನೋಡುತ್ತಿದ್ದೆ. ಕಳೆದ ವಾರ ಅವಳ ಕೈ ಅವನ ಅಂಗೈಯಡಿ ಸಿಕ್ಕಿಬಿತ್ತು. ಅವನು ಬಹಳ ಹೊತ್ತು ಕೈ ಎತ್ತಲೇ ಇಲ್ಲ.

ಆಗ ಅವಳು ನನ್ನ ಕಡೆ ತಿರುಗಿ ಹೇಳಿದಳು: "ಅದು ಇಳಿಯೋಕೆ ಮುಂಚೆ ಉಸಿರೆಳೆದ ಹಾಗೆ ಒಂದು ಸದ್ದು ಬರುತ್ತೆ ಅಕ್ಕಾ. ಇವರು ಅದನ್ನೇ ಕೇಳಿಸ್ಕೋ ಅಂದಿದ್ರು. ಈಗೀಗ ಸದ್ದೇ ಬರದೆ ಇಳೀತಿದೆ."

ಸೂಪರ್‌ವೈಸರಿಗೆ ಹೇಳಿದಳಂತೆ. ನಿನ್ನ ಗಂಡನೂ ಹೀಗೇ ಗೊಣಗ್ತಿದ್ದ ಅಂದರಂತೆ.

ಮಾನ್ಯರೇ, ನಾನು ದಯೆ ಕೇಳುತ್ತಿಲ್ಲ. ಈ ವಾರವೇ ನಿಮ್ಮ ಖರ್ಚಿನಲ್ಲಿ ಒಬ್ಬ ಇಂಜಿನಿಯರನ್ನು, ಮೊದಲೇ ಸುದ್ದಿ ಕೊಡದೆ, ಜಾಲರಿ ಮೇಲಿರುವ ಹೊತ್ತಿಗೆ ಆ ಯಂತ್ರದ ಮುಂದೆ ಕಳಿಸಿ. ಆ ಖರ್ಚನ್ನು ಕಾರ್ಖಾನೆಯಿಂದ ವಸೂಲು ಮಾಡಿ. ಕಾರ್ಮಿಕ ಗೆದ್ದರೆ ಅವನ ವಕೀಲರ ಫೀಸನ್ನು ನೀವೇ ನಿಗದಿ ಮಾಡಿ ಮಾಲೀಕರಿಂದ ಕೊಡಿಸಿ. ಅವನ ಪರಿಹಾರಕ್ಕೆ ಯಾರೂ ಕೈ ಹಾಕದಿರಲಿ. ಸೋತರೆ ಆ ಹೊರೆಯನ್ನು ನಿಧಿ ಹೊರಲಿ, ಹಿಂದೆ ಹೊತ್ತಿತ್ತು. ಇಷ್ಟು ಆಗದಿದ್ದರೆ, ಮುಂದಿನ ದಿನಾಂಕದಂದು ಅದೇ ಯಂತ್ರದ ಎರಡನೇ ಅರ್ಜಿಯನ್ನು ಸ್ವೀಕರಿಸಲು ಜಾಗ ಮಾಡಿಟ್ಟುಕೊಳ್ಳಿ.

ಈ ಪತ್ರ ಅಚ್ಚಾದ ದಿನವೇ ಅವಳನ್ನು ಕೆಲಸದಿಂದ ತೆಗೆಯಬಹುದು. ಅವಳನ್ನು ಕೇಳಿಯೇ ಬರೆದಿದ್ದೇನೆ. "ಬರೀರಿ ಅಕ್ಕಾ," ಅಂದಳು. "ಕೆಲಸ ಹೋದ್ರೆ ಕೈಯಾದ್ರೂ ಉಳಿಯುತ್ತೆ." ಹೇಳಿ, ಊಟದ ಡಬ್ಬಿ ಕಟ್ಟಿಕೊಂಡು ಹೊರಟಳು. ಈಗ ಅವಳ ಪಾಳಿ ನಡೆಯುತ್ತಿದೆ.

ಇಂತಿ,
ಸಂಜೆ ಬಾಗಿಲು ತೆರೆದು ಮೊದಲು ಬಂದವಳ ಕೈ, ಆಮೇಲೆ ಮುಖ ನೋಡುವ
ಒಬ್ಬ ನಿವೃತ್ತ ಶಿಕ್ಷಕಿ