ವಾಷ್ಟಿಯ ಪ್ರಶ್ನೆ

ಜುಲೈ 21, 1776, ಭಾನುವಾರ. ನ್ಯೂಪೋರ್ಟ್.

ವಾಷ್ಟಿ ಕೇಳಿದ್ದು ತಲೆಯಿಂದ ಹೋಗುತ್ತಿಲ್ಲ.

ನಿನ್ನೆ ಚೌಕದಲ್ಲಿ ಸ್ವಾತಂತ್ರ್ಯದ ಘೋಷಣೆಯನ್ನು ಓದಿದರು. ಮನುಷ್ಯರೆಲ್ಲ ಸಮಾನರು ಎಂದಾಗ ನಾನೂ ಗಂಟಲು ಹರಿಯುವಂತೆ ಕೂಗಿದೆ. ಇನ್ನು ಇಂಗ್ಲೆಂಡಿನ ರಾಜನಿಗೆ ನಾವು ಗುಲಾಮರಲ್ಲ ಎಂದು ಪಕ್ಕದವರನ್ನೆಲ್ಲ ತಬ್ಬಿಕೊಂಡೆ.

ಇಂದು ಮೀನಿನ ಸಾರು ಬಡಿಸುತ್ತಾ ವಾಷ್ಟಿ ಕೇಳಿದಳು. ಅವಳನ್ನು ನಾನು ಕೊಂಡು ಹನ್ನೊಂದು ವರ್ಷವಾಯಿತು.

"ಒಡೆಯಾ, ನಿನ್ನೆ ಓದಿದ್ರಲ್ಲ, ಆ ಕಾಗದದಲ್ಲಿ ನನ್ನ ಮಗಳೂ ಸೇರಿದಾಳಾ?"

ಅವಳ ಮಗಳು ಜೆಮೈಮಾಗೆ ಒಂಬತ್ತು ವರ್ಷ. ನಾಳಿನ ದೋಣಿಯಲ್ಲಿ ಅವಳನ್ನು ಕೊಲ್ಲಿಯಾಚೆಯ ಬ್ರಿಸ್ಟಲ್ ಊರಿಗೆ, ನನ್ನ ತಂಗಿಯ ಮದುವೆಗೆ ಉಡುಗೊರೆಯಾಗಿ ಕಳಿಸುವುದಿತ್ತು.

"ಅದು ರಾಜನ ವಿಷಯ ಕಣೇ," ಎಂದೆ.

"ಅವಳನ್ನ ಕಳಿಸ್ತಿರೋದು ರಾಜ ಅಲ್ವಲ್ಲ, ಒಡೆಯಾ."

ನನ್ನ ಹೆಂಡತಿ ಗದರುತ್ತಾಳೆಂದುಕೊಂಡೆ. ಅವಳು ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

ರಾತ್ರಿ ನಿದ್ದೆ ಬಾರದೆ ಎರಡು ಸಲ ಹಾಸಿಗೆಯಿಂದ ಎದ್ದೆ. ಕೊನೆಗೆ ತಂಗಿಗೆ ಪತ್ರ ಬರೆದೆ: ಹುಡುಗಿಗೆ ಜ್ವರ, ಕಳಿಸಲಾಗದು. ಅದು ಸುಳ್ಳು. ಹುಡುಗಿ ಗುಂಡುಕಲ್ಲಿನಂತಿದ್ದಾಳೆ. ತಾಯಿಯಿಂದ ಮಗುವನ್ನು ಕಿತ್ತು ಕೊಡಲಾರೆ ಎಂದು ಬರೆಯಲು ನಾಚಿಕೆಯಾಯಿತು.

ಆಮೇಲೆ ಇನ್ನೊಂದು ಹಾಳೆ ತೆಗೆದು ಬಿಡುಗಡೆಯ ಪತ್ರ ಶುರುಮಾಡಿದೆ. ತಾಯಿ ಮಗಳ ಹೆಸರು ಬರೆದೆ. ಅಷ್ಟರಲ್ಲಿ, ನಾಳೆ ಒಲೆ ಹಚ್ಚುವವರು ಯಾರು ಎಂಬ ಯೋಚನೆ ಬಂದು ಕೈ ನಿಂತಿತು. ಹಾಳೆ ಇನ್ನೂ ನನ್ನ ಮುಂದೆಯೇ ಇದೆ, ಸಹಿ ಹಾಕಿಲ್ಲ.